ಹನ್ನೊಂದೂ ಹತ್ತಕ್ಕೆ ಹೋಗುವ ಚಿತ್ರ

ಮಸ್ಕಿಯ ಶಾಲೆಯ ಅಂಗಳದಲ್ಲಿ ಡಿಶ್ ಆಂಟೆನಾದ ನಟ್ಟು ಬಿಗಿ ಮಾಡುತ್ತಿದ್ದೆ. ಹೆಡ್‌ಮಾಸ್ತರರ ಕೋಣೆಯಿಂದ ಕೂಗು ಬಂತು, ಸಿಂಧನೂರಿನಿಂದ ನನಗೆ ಫೋನ್ ಎಂದು. ಹೋಗಿ ಎತ್ತಿಕೊಂಡೆ. ಆ ಕಡೆ ಸಿಂಧನೂರು ಸಭಾಂಗಣದ ಚಪ್ರಾಸಿ. ವಯಸ್ಸಾದ ಮನುಷ್ಯ, ಫೋನಿನಲ್ಲಿ ಮಾತಾಡುವುದೆಂದರೆ ಊರಿಗೆಲ್ಲ ಕೇಳುವಂತೆ ಒದರಬೇಕೆಂದು ತಿಳಿದಿದ್ದವನು. ಟಿ.ವಿ. ರಿಪೇರಿಯವನಾದ ನನ್ನನ್ನು ಮಾಸ್ತರ್ ಎಂದೇ ಕರೆಯುತ್ತಿದ್ದ.

"ಮಾಸ್ತರ್ರೀ, ಚಿತ್ರ ಹೋತ್ರೀ! ಪೂರಾ ಹೋತು! ಟಿ.ವಿ. ತುಂಬ ಬರೇ ಜ್ವಾಳದ ಹಿಟ್ಟು ಉದುರಾಕತ್ತೈತಿ!"

"ಯಾವಾಗಿಂದ?"

"ಈಗ, ಹನ್ನೊಂದೂ ಹತ್ತಕ್ಕ. ಸಾಹೇಬ್ರು ಬೆಂಕಿ ಆಗ್ಯಾರ. ಲಗೂನ ಬರ್ರಿ."

ಅದು ತೊಂಬತ್ತರ ದಶಕದ ನಡುವಿನ ಮಾತು. ಪಂಚಾಯ್ತಿಗಳಿಗೆ ಹೆಣ್ಣುಮಕ್ಕಳು ಸಾಲುಸಾಲಾಗಿ ಆರಿಸಿ ಬಂದಿದ್ದರು. ಹೊಸ ಸದಸ್ಯರಿಗೆಲ್ಲ ತರಬೇತಿ ಕೊಡಬೇಕು, ಊರೂರಿಗೆ ಕಲಿಸುವವರನ್ನು ಎಲ್ಲಿಂದ ತರುವುದು? ಅದಕ್ಕೆ ಬೆಂಗಳೂರಿನ ಒಂದು ಸ್ಟುಡಿಯೊದಲ್ಲಿ ಅಧಿಕಾರಿಗಳು ಕೂತು ಪಾಠ ಹೇಳುವುದು, ಅದು ಉಪಗ್ರಹಕ್ಕೆ ಏರಿ ಅಲ್ಲಿಂದ ನಮ್ಮ ಸಭಾಂಗಣಗಳ ಟಿ.ವಿ.ಗೆ ಇಳಿಯುವುದು ಎಂಬ ಏರ್ಪಾಡಾಗಿತ್ತು. ನಾವು ಅವರನ್ನು ನೋಡಬಹುದು, ಅವರು ನಮ್ಮನ್ನು ನೋಡಲಾರರು. ಕೇಳುವುದೇನಾದರೂ ಇದ್ದರೆ ಫೋನು. ಐದು ದಿನದ ತರಬೇತಿ. ಕೊನೆಯ ದಿನ ಒಂದೊಂದು ಊರಿಗೂ ಪ್ರಶ್ನೆ ಕೇಳುವ ಸರದಿ. ಲಿಂಗಸುಗೂರಿನಲ್ಲಿ ಟಿ.ವಿ. ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ನನ್ನ ಕೊರಳಿಗೆ ಲಿಂಗಸುಗೂರು, ಮಸ್ಕಿ, ಸಿಂಧನೂರು ಮೂರೂ ಕಡೆಯ ಡಿಶ್, ರಿಸೀವರ್, ಟಿ.ವಿ.ಗಳು ಬಿದ್ದಿದ್ದವು.

"ರಿಸೀವರಿನ ಸ್ವಿಚ್ ಆರಿಸಿ, ಹತ್ತು ಎಣಿಸಿ, ಮತ್ತ ಹಾಕ್ರಿ" ಎಂದೆ. ಆತ ಫೋನು ಕೆಳಗಿಟ್ಟು ಹೋದ. ಸ್ವಲ್ಪ ಹೊತ್ತಿಗೆ ಕಿವಿ ಒಡೆಯುವಂತೆ ಕೂಗಿದ.

"ಬಂತು, ಬಂತು! ಮಸ್ಕ್ಯಾಗ ಕುಂತು ಸಿಂಧನೂರಾಗ ರಿಪೇರಿ ಮಾಡಿಬಿಟ್ರಲ್ರೀ!"

ಹಿಗ್ಗಿದೆ. ಆ ಹಿಗ್ಗು ಒಂದೇ ದಿನ ಬಾಳಿತು.

ಎರಡನೆಯ ದಿನ ಬೆಳಿಗ್ಗೆ ಮೋಟಾರ್ ಬೈಕ್ ಹತ್ತಿ ಸಿಂಧನೂರಿಗೇ ಹೋದೆ. ಮಸ್ಕಿಯಲ್ಲಿದ್ದ ರಿಸೀವರನ್ನು ಚೀಲದಲ್ಲಿ ಹಾಕಿಕೊಂಡು, ಮಸ್ಕಿಗೆ ಅಂಗಡಿಯಲ್ಲಿದ್ದ ಇನ್ನೊಂದನ್ನು ಕೊಟ್ಟಿದ್ದೆ. ಯಾವ ಪೆಟ್ಟಿಗೆಯಲ್ಲಿ ರೋಗವಿದೆ ಎಂದು ಗೊತ್ತಾಗದಿದ್ದರೆ, ಪೆಟ್ಟಿಗೆ ಬದಲಿಸಿ ನೋಡುವುದು ನಮ್ಮ ಕಸುಬಿನ ಮೊದಲ ಮದ್ದು; ಹೋದವನೇ ಅದನ್ನು ಮಾಡಿದೆ. ಸಭಾಂಗಣ ನಿಜಾಮರ ಕಾಲದ ಕಟ್ಟಡದಲ್ಲಿತ್ತು. ಎರಡು ಮೊಳ ದಪ್ಪದ ಕಲ್ಲಿನ ಗೋಡೆ, ಶಹಾಬಾದಿ ಕಲ್ಲಿನ ನೆಲ, ಅದರ ಮೇಲೆ ಗೋಡೆಯಿಂದ ಗೋಡೆಗೆ ನೀಲಿ ಜಮಖಾನ. ಒಂದೇ ಬಾಗಿಲು, ಕೋಣೆಯ ಎಡ ತುದಿಯಲ್ಲಿ. ಅದಕ್ಕೆ ಮೊಣಕಾಲಿನ ಅರ್ಧದಷ್ಟು ಎತ್ತರದ ಸಾಗವಾನಿ ಹೊಸ್ತಿಲು.

ಡಿಶ್ ಹಿತ್ತಲಿನಲ್ಲಿತ್ತು. ತರಬೇತಿಗೆ ಮೊದಲು ಅದನ್ನು ಕೂರಿಸಿದಾಗ, ಅಲ್ಲಿಂದ ಬರುವ ಕೇಬಲ್ಲಿಗೆ ಗೋಡೆ ಕೊರೆಯಲು ತರಬೇತಿಯ ಉಸ್ತುವಾರಿಯಿದ್ದ ತಾಲ್ಲೂಕಿನ ಸಾಹೇಬರು ಒಪ್ಪಿರಲಿಲ್ಲ. ಹಳೆ ಕಟ್ಟಡ, ಮೇಲಿನವರ ಅಪ್ಪಣೆ ಬೇಕೆಂದರು. ಬಾಗಿಲ ಚೌಕಟ್ಟಿನ ಮೇಲಿಂದ ಒಯ್ಯೋಣವೆಂದರೆ ಬೆಂಗಳೂರಿನಿಂದ ಅಳತೆ ಮಾಡಿ ಕಳಿಸಿದ್ದ ಕೇಬಲ್ ಗಿಡ್ಡವಾಗುತ್ತಿತ್ತು. ನಡುವೆ ಜೋಡಿಸಿದರೆ ಸಿಗ್ನಲ್ ಸೋರುತ್ತದೆ. ಹೊಸ್ತಿಲಿನ ಎಡ ಮೂಲೆಯಲ್ಲಿ ಇಲಿ ಹಾಯುವಷ್ಟು ಒಂದು ಸಂದಿ ಇತ್ತು, ಅದರೊಳಗಿಂದ ಎಳೆದುಕೊಂಡೆ. ಅಲ್ಲಿಂದ ಹೊಸ್ತಿಲಿನ ಒಳಮೈಗೆ ಮೊಳೆ ಹೊಡೆದು ಗೋಡೆಗುಂಟ ಒಯ್ಯುವುದು ಸರಿಯಾದ ದಾರಿ. ಸುತ್ತಿಗೆ ಕೈಯಲ್ಲಿ ಹಿಡಿದೆ ಕೂಡ. ನಾನು ದೇವರು ದಿಂಡರು ಎಂದು ಓಡಾಡುವವನಲ್ಲ. ಆದರೂ ನಮ್ಮವ್ವ ಪ್ರತಿ ಶುಕ್ರವಾರ ಅರಿಶಿನ ಹಚ್ಚಿ ಹಣೆ ಮುಟ್ಟಿಸುತ್ತಿದ್ದ ಹೊಸ್ತಿಲು ಕಣ್ಣ ಮುಂದೆ ಬಂತು, ಕೈ ಏಳಲಿಲ್ಲ. ಜಮಖಾನ ಎತ್ತಿ ಅದರಡಿ ಓರೆಯಾಗಿ ಕೇಬಲ್ ಹಾಸಿ, ಕೋಣೆಯ ಮುಂದಿದ್ದ ಟಿ.ವಿ.ಗೆ ಮುಟ್ಟಿಸಿದೆ. ಯಾರಿಗೂ ಹೇಳಲಿಲ್ಲ. ಹೇಳುವಂಥದ್ದು ಏನಿದೆ ಅದರಲ್ಲಿ ಎಂದುಕೊಂಡೆ.

ಹತ್ತೂವರೆಗೆ ಸಾಹೇಬರು ಬಂದರು. ಅವರು ಕೂತ ಮೇಲೆಯೇ ಚಪ್ರಾಸಿ ರಿಸೀವರ್ ಚಾಲೂ ಮಾಡುವುದು, ಅದು ಅಲ್ಲಿಯ ರಿವಾಜು. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ "ಮಶೀನು ತಂಪಾಗ್ಲಿ" ಎಂದು ಆರಿಸುತ್ತಿದ್ದ, ಎಲ್ಲರೂ ಬಂದು ಕೂತ ಮೇಲೆ ಹಾಕುತ್ತಿದ್ದ. ಸಾಹೇಬರು ಕೂತಿರುವಾಗ ಯಾರೂ ಎದ್ದು ಓಡಾಡುತ್ತಿರಲಿಲ್ಲ. ಚಿತ್ರ ಕನ್ನಡಿಯ ಹಾಗೆ ಬಂತು. ನಾನು ರಿಸೀವರಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಬಾಗಿಲಿಗೆ ಬೆನ್ನು ಹಾಕಿ, ಅದರ ಕೆಂಪು ದೀಪವನ್ನೇ ದಿಟ್ಟಿಸುತ್ತಿದ್ದೆ. ಹನ್ನೊಂದೂ ಹತ್ತು. ದೀಪ ಆರಿತು. ಚಿತ್ರ ಹೋಯಿತು.

ಹೊಸ ಪೆಟ್ಟಿಗೆ, ಹಳೇ ಹೊತ್ತು. ನನಗೆ ಸಿಟ್ಟಿಗಿಂತ ಹೆಚ್ಚಾಗಿ ಕುತೂಹಲವಾಯಿತು. ಸ್ವಿಚ್ ಆರಿಸಿ ಹಾಕಿದೆ, ಬಂತು. ಕೇಬಲ್ ಬಿಚ್ಚಿ ಮೀಟರ್ ಹಚ್ಚಿದೆ, ಏನೂ ದೋಷವಿಲ್ಲ. ಸ್ಟೆಬಿಲೈಸರಿನ ಮುಳ್ಳು ನೋಡಿದೆ, ಸರಿ ಜಾಗದಲ್ಲಿತ್ತು. ಸಾಹೇಬರು ಕುರ್ಚಿಯಿಂದಲೇ ಕೇಳಿದರು.

"ಏನಪಾ, ಇದಕ್ಕೇನು ಗಡಿಯಾರ ಗೊತ್ತಾಗ್ತೈತೇನು?"

"ಅದನ್ನ ನಾನೂ ಕೇಳಾಕತ್ತೀನ್ರಿ ಸಾಹೇಬ್ರ" ಎಂದೆ.

ನನ್ನ ಹತ್ತಿರ ಒಂದು ಉದ್ದ ಪುಸ್ತಕವಿರುತ್ತಿತ್ತು. ಯಾವ ಸೆಟ್ಟು, ಎಷ್ಟು ಹೊತ್ತಿಗೆ, ಏನಾಯಿತು, ಆಗ ಸುತ್ತ ಏನು ನಡೆದಿತ್ತು, ಎಲ್ಲ ಬರೆಯುತ್ತಿದ್ದೆ. ಅವತ್ತು ಬರೆದೆ: ಎರಡು ದಿನ, ಎರಡು ರಿಸೀವರ್, ಹೊತ್ತು ಒಂದೇ. ಬರೆಯುತ್ತಿದ್ದಾಗಲೇ ತಲೆಯಲ್ಲಿ ಮಿಂಚು ಹೊಡೆಯಿತು. ಸೂರ್ಯ!

ವರ್ಷದಲ್ಲಿ ಎರಡು ಸಲ ಕೆಲವು ದಿನ ಸೂರ್ಯ ಸರಿಯಾಗಿ ಉಪಗ್ರಹದ ಬೆನ್ನ ಹಿಂದೆ ಬಂದು ನಿಲ್ಲುತ್ತಾನೆ. ಆ ಕೆಲವು ನಿಮಿಷ ಡಿಶ್‌ಗೆ ಸೂರ್ಯನ ಗದ್ದಲವೇ ಕೇಳಿ ಚಿತ್ರ ಹೋಗುತ್ತದೆ. ದಿನಾ ಹೆಚ್ಚುಕಡಿಮೆ ಅದೇ ಹೊತ್ತಿಗೆ ಹೋಗುತ್ತದೆ. ಆಗಿನ್ನೂ ಮಾರ್ಚ್ ತಿಂಗಳು, ಹೊತ್ತೂ ಸುಮಾರಾಗಿ ಹೊಂದುತ್ತಿತ್ತು. ಇದನ್ನು ಪುಸ್ತಕದಲ್ಲಿ ಓದಿದ್ದೆನೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಅವತ್ತು ಲಿಂಗಸುಗೂರಿಗೆ ಮರಳುವಾಗ ದಾರಿಯುದ್ದಕ್ಕೂ ಒಬ್ಬನೇ ನಗುತ್ತಾ ಬೈಕ್ ಓಡಿಸಿದೆ. ಎಂಥ ಚಂದದ ರೋಗ ಅದು, ಮದ್ದೇ ಬೇಡ.

ಮೂರನೆಯ ದಿನ ಹನ್ನೊಂದಕ್ಕೇ ಹಿತ್ತಲಲ್ಲಿ ಡಿಶ್‌ನ ಪಕ್ಕ ನಿಂತೆ. ಸೂರ್ಯ ನೇರ ಬಂದರೆ ಡಿಶ್‌ನ ಎದುರು ತೂಗುವ ಡಬ್ಬಿಯ ನೆರಳು ಸರಿಯಾಗಿ ಅದರ ನಡುಮಧ್ಯಕ್ಕೆ ಬೀಳಬೇಕು. ನೋಡುತ್ತಾ ನಿಂತೆ. ಹನ್ನೊಂದೂ ಹತ್ತಾಯಿತು. ನೆರಳು ನಡುವಿನಿಂದ ಒಂದು ಗೇಣು ಆಚೆಗೇ ಇತ್ತು. ಒಳಗಿನಿಂದ ಚಪ್ರಾಸಿಯ ಕೂಗು.

"ಹೋತ್ರೀ!"

ಓಡಿ ಹೋಗಿ ಲಿಂಗಸುಗೂರಿಗೆ ಫೋನ್ ಹಚ್ಚಿದೆ. ಅಲ್ಲಿ ಚಿತ್ರ ಚಲೋ ಇದೆಯೆಂದರು. ಮಸ್ಕಿಯಲ್ಲೂ ಚಲೋ ಇತ್ತು. ಸೂರ್ಯ ಸಿಂಧನೂರಿಗೊಂದೇ ಏನೂ ಹುಟ್ಟುವುದಿಲ್ಲವಲ್ಲ! ನನ್ನ ಚಂದದ ರೋಗ ಅಲ್ಲಿಗೆ ಸತ್ತಿತು.

ತಲೆ ಕೆರೆಯುತ್ತಾ ಪಡಸಾಲೆಯ ಬೆಂಚಿನ ಮೇಲೆ ಕೂತಾಗ ಚಪ್ರಾಸಿ ಮೆಲ್ಲಗೆ ಪಕ್ಕಕ್ಕೆ ಬಂದ. ಜೀವನದಲ್ಲಿ ಮೊದಲ ಸಲ ದನಿ ತಗ್ಗಿಸಿದ್ದ.

"ಮಾಸ್ತರ್ರೀ, ಒಂದ್ ಮಾತು ಹೇಳ್ತೀನಿ, ಬೈಬ್ಯಾಡ್ರಿ. ದಢೇಸುಗೂರು ಕಡೀಂದ ಒಬ್ಬಾಕಿ ಅಧ್ಯಕ್ಷಿ ಬರ್ತಾಳ. ಆಕಿ ಬಸ್ಸು ದಿನಾ ತಡಾ. ಆಕಿ ಒಳಗ ಕಾಲಿಟ್ಲು ಅಂದ್ರ ಚಿತ್ರ ಹೋತದ. ಮೂರು ದಿನಾನೂ ನಾನಾ ನೋಡೀನಿ."

"ಹುಚ್ಚಪ್ಪ, ಟಿ.ವಿ.ಗೇನು ಕಣ್ಣೈತೇನು?"

"ನಾ ಹೇಳೂದು ಹೇಳೀನಿ. ಮುಂದ ನಿಮ್ಮ ಖುಷಿ."

ನಕ್ಕುಬಿಟ್ಟೆ. ಆದರೂ ಪುಸ್ತಕ ತೆಗೆದು ಬರೆದುಕೊಂಡೆ: ಹನ್ನೊಂದೂ ಹತ್ತು, ಅಧ್ಯಕ್ಷೆ ಒಳಗೆ ಬಂದಾಗ. ಕಂಡದ್ದನ್ನು ಬರೆಯಬೇಕು, ನಂಬುವುದು ಬಿಡುವುದು ಆಮೇಲೆ ಎಂಬುದು ನನ್ನ ಕಟ್ಟಳೆ. ಬರೆದದ್ದನ್ನು ಚಪ್ರಾಸಿ ನೋಡಿದ. ಅಷ್ಟೇ ಸಾಕಾಯಿತು. "ಮಾಸ್ತರೂ ಬರಕೊಂಡಾರ" ಎಂದು ಅವನು ಸಾಹೇಬರ ಕಿವಿಗೆ ಹಾಕಿದ. ಸಂಜೆಯೊಳಗೆ ಇಡೀ ಸಭಾಂಗಣಕ್ಕೆ ಸುದ್ದಿಯಾಯಿತು.

ಆಕೆ ಐವತ್ತರ ಆಸುಪಾಸಿನ ಹೆಣ್ಣುಮಗಳು. ಗಂಡ ತೀರಿಹೋಗಿದ್ದರು, ಹಣೆ ಬರಿದು, ಸೆರಗು ಯಾವಾಗಲೂ ತಲೆಯ ಮೇಲೆ. ಜೊತೆಗೆ ದಿನಾ ಮೈದುನ ಬರುತ್ತಿದ್ದ. ಆತನೇನೂ ಸದಸ್ಯನಲ್ಲ, ಪಡಸಾಲೆಯಲ್ಲಿ ಬೀಡಿ ಸೇದುತ್ತಾ ಕೂರುತ್ತಿದ್ದ. ಅವತ್ತು ಆತನೇ ಮುಂದೆ ಬಂದು ಸಾಹೇಬರಿಗೆ ಕೈಮುಗಿದ.

"ಸಾಹೇಬ್ರ, ನಮ್ಮ ಅತ್ತಿಗಿ ಕಾಲ್ಗುಣ ಮೊದ್ಲಿಂದಾನೂ ಹಂಗಾ. ಆಕಿ ಹೊರಗ ಕುಂದರ್ಲಿ. ಆಕಿ ಬದ್ಲಿ ನಾ ಕುಂದ್ರತೀನಿ. ಪ್ರಶ್ನಿ ಗಿಶ್ನಿ ಇದ್ರ ನಾನಾ ಕೇಳ್ತೀನಿ."

ಸಾಹೇಬರು ನನ್ನ ಕಡೆ ನೋಡಿದರು. "ನಾನೇನೂ ಇಂಥದ್ದನ್ನ ನಂಬೂದಿಲ್ಲ. ಆದ್ರ ಮೇಲಿನವರು ದಿನಾ ರಿಪೋರ್ಟ್ ಕೇಳ್ತಾರ. ನಾಳೆ ಒಂದಿನ ನೋಡೂಣು, ಏನಂತಿ?"

ನಾನು ಅಲ್ಲೇ ಬೇಡವೆನ್ನಬೇಕಿತ್ತು. ಅನ್ನಲಿಲ್ಲ. ನಿಜ ಹೇಳುತ್ತೇನೆ, ನನಗೂ ನೋಡಬೇಕೆನಿಸಿತ್ತು. ಒಂದು ವಸ್ತು ತೆಗೆದು ನೋಡುವುದು ನಮ್ಮ ಕಸುಬಿನ ರೂಢಿ. ತೆಗೆಯುತ್ತಿರುವುದು ವಸ್ತುವಲ್ಲ ಎಂಬ ಮಾತು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ನಾಲ್ಕನೆಯ ದಿನ ಆಕೆ ಪಡಸಾಲೆಯ ಬೆಂಚಿನ ಮೇಲೆ ಕೂತರು. ಮೈದುನ ಹೊಸ್ತಿಲ ಮೇಲೇ ಕಾಲೂರಿ ಧಡಧಡ ಒಳಗೆ ಹೋಗಿ ಆಕೆಯ ಕುರ್ಚಿಯಲ್ಲಿ ಕೂತ. ಹನ್ನೊಂದೂ ಹತ್ತಾಯಿತು. ಹನ್ನೊಂದೂ ಇಪ್ಪತ್ತಾಯಿತು. ಚಿತ್ರ ಅಲುಗಲಿಲ್ಲ, ಮಧ್ಯಾಹ್ನದವರೆಗೆ ಒಂದು ಚುಕ್ಕೆ ಕೂಡ ಬೀಳಲಿಲ್ಲ. ಸಭಾಂಗಣದಲ್ಲಿ ಪಿಸುಪಿಸು ಎದ್ದಿತು. ಚಪ್ರಾಸಿ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ.

ಊಟದ ಹೊತ್ತಿಗೆ ಹೊರಗೆ ಬಂದೆ. ಆಕೆ ಬುತ್ತಿ ಬಿಚ್ಚಿದ್ದರು, ತಿಂದಿರಲಿಲ್ಲ.

"ಚಿತ್ರ ಹೋಗ್ಲಿಲ್ಲಲ್ಲ?" ಎಂದು ಕೇಳಿದರು.

"ಇಲ್ರೀ ಅಮ್ಮಾ."

"ಖರೆ ಹೇಳು ತಮ್ಮಾ. ನೀ ಓದಿದಾಂವ. ಮನಷ್ಯಾ ಬಂದ್ರ ಚಿತ್ರ ಹೋಗೂದು ಹಂಗ ಇರ್ತದೇನು?"

ಇರುವುದಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಪುಸ್ತಕದಲ್ಲಿ ನಾನೇ ಬರೆದ ನಾಲ್ಕು ಸಾಲುಗಳು ಅಡ್ಡ ಬಂದವು. "ಗೊತ್ತಿಲ್ರೀ ಅಮ್ಮಾ" ಎಂದೆ. ಹಾಗೆ ಅಂದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಆಕೆ ಬುತ್ತಿಯನ್ನು ಮತ್ತೆ ಕಟ್ಟುತ್ತಾ ಹೇಳಿದರು. "ನಂಗ ಚಿತ್ರದ ಹುಚ್ಚಿಲ್ಲಪಾ. ನಾಳೆ ಒಂದು ಮಾತು ಕೇಳೂದಿತ್ತು. ನಮ್ಮ ಪಂಚಾಯ್ತಿ ಸಭಾದ ಪುಸ್ತಕ ನಮ್ಮ ಮೈದುನನ ಮನಿಯಾಗ ಐತಿ. ಆತ ಏನೇನ ಬರಸ್ತಾನ, ನನ್ ಕಡಿ ಸಹಿ ಮಾಡಿಸ್ಗೊಂಡು ಹೋಗ್ತಾನ. ಅದು ಎಲ್ಲಿರಬೇಕು ಅಂತ ಕೇಳೂದಿತ್ತು. ಈಗ ಆತನಾ ಒಳಗ ಕುಂತಾನ. ಆತ ಕೇಳ್ತಾನೇನು ಅದನ್ನ?"

ಆಗ ನನಗೆ ಹೊಳೆಯಿತು. ನಾನು ಪರೀಕ್ಷೆ ಎಂದುಕೊಂಡಿದ್ದೆ. ಆತನಿಗೆ ಅದು ಬೇಕಾಗಿದ್ದ ಅವಕಾಶವಾಗಿತ್ತು. ನಾಳೆ ಸಂಜೆಗೆ ತರಬೇತಿ ಮುಗಿಯುತ್ತದೆ. ಅಷ್ಟರೊಳಗೆ ರೋಗ ಸಿಗದಿದ್ದರೆ ಈ ಹೆಣ್ಣುಮಗಳ ಮಾತು ಆ ಫೋನಿನವರೆಗೆ ಹೋಗುವುದಿಲ್ಲ.

ಮಧ್ಯಾಹ್ನವೆಲ್ಲ ಪುಸ್ತಕ ತೊಡೆಯ ಮೇಲಿಟ್ಟುಕೊಂಡು ಕೂತೆ. ಮೂರೂ ಊರಿನ ಸಾಮಾನು ಒಂದೇ. ಲಿಂಗಸುಗೂರಿನದು ಹೊಸ ಕಟ್ಟಡ, ಮಸ್ಕಿಯದು ಶಾಲೆ. ಎರಡರಲ್ಲೂ ಕೇಬಲ್ ಕಿಟಕಿಯಿಂದ ಒಳಗೆ ಬಂದಿತ್ತು. ಸಿಂಧನೂರಿನಲ್ಲಿ ಮಾತ್ರ ಬಾಗಿಲಿನಿಂದ. ಆಕೆಯೂ ಬಾಗಿಲಿನಿಂದ ಬರುತ್ತಾರೆ. ಆದರೆ ಬಾಗಿಲಿನಿಂದ ಎಲ್ಲರೂ ಬರುತ್ತಾರಲ್ಲ! ತಡವಾಗಿ ಬಂದ ಎಷ್ಟೋ ಗಂಡಸರು ಚಿತ್ರ ಓಡುವಾಗಲೇ ಒಳಗೆ ಬಂದಿದ್ದರು. ಏನೂ ಆಗಿರಲಿಲ್ಲ. ಹಾಗಾದರೆ ಆಕೆ ಬರುವುದರಲ್ಲೇ ಏನೋ ಬೇರೆ ಇರಬೇಕು. ನಾಲ್ಕು ದಿನದಲ್ಲಿ ಆಕೆ ಒಳಗೆ ಬರುವುದನ್ನು ನಾನು ಒಮ್ಮೆಯೂ ನೋಡಿರಲಿಲ್ಲ. ಒಂದು ದಿನ ಮಸ್ಕಿಯಲ್ಲಿದ್ದೆ, ಒಂದು ದಿನ ಬೆನ್ನು ಹಾಕಿ ಕೂತಿದ್ದೆ, ಒಂದು ದಿನ ಹಿತ್ತಲಲ್ಲಿ ನೆರಳು ಕಾಯುತ್ತಿದ್ದೆ. ನಾಲ್ಕನೆಯ ದಿನ ಆಕೆಯನ್ನು ಹೊರಗೆ ಕೂರಿಸಿದ್ದೆವು.

ಸಂಜೆ ಸಭೆ ಮುಗಿದ ಮೇಲೆಯೂ ಬೆಂಗಳೂರಿನವರು ಅರ್ಧ ಗಂಟೆ ಬಣ್ಣದ ಪಟ್ಟಿಗಳ ಚಿತ್ರ ಬಿಡುತ್ತಿದ್ದರು, ನಮ್ಮಂಥವರು ಸೆಟ್ಟು ಸರಿಮಾಡಿಕೊಳ್ಳಲಿ ಎಂದು. ಎಲ್ಲರೂ ಹೋದ ಮೇಲೆ ಆಕೆಯನ್ನು ಕೇಳಿದೆ. "ಅಮ್ಮಾ, ದಿನಾ ಹೆಂಗ ಒಳಗ ಬರ್ತಿದ್ರಿ, ಹಂಗಾ ಒಂದ್ಸಲ ಬರ್ತೀರೇನು? ನಾ ನೋಡಬೇಕು."

ಚಪ್ರಾಸಿ ಬಾಗಿಲಲ್ಲೇ ನಿಂತಿದ್ದ. ಆಕೆ ಅವನನ್ನೊಮ್ಮೆ, ನನ್ನನ್ನೊಮ್ಮೆ ನೋಡಿದರು. ಆಕೆಗೆ ಅರ್ಥವಾಗಿತ್ತು: ಈಗಲೂ ಚಿತ್ರ ಹೋದರೆ ನಾಳೆ ಊರೆಲ್ಲ ಅದೇ ಮಾತು. ಮೈದುನ ಬಸ್‌ಸ್ಟ್ಯಾಂಡಿಗೆ ಮುಂದೆ ಹೋಗಿದ್ದ.

"ಹೋದ್ರ?" ಎಂದರು.

"ಹೋದ್ರ ಅದ್ಯಾಕ ಹೋತು ಅಂತ ಇವತ್ತ ಹುಡುಕತೀನಿ. ಹೋಗದಿದ್ರ ಹುಡಕಾಕ ಏನೂ ಸಿಗೂದಿಲ್ಲ."

ಆಕೆ ಎದ್ದರು. ಚಪ್ಪಲಿ ಬಿಟ್ಟರು. ನಾನು ಟಿ.ವಿ.ಗೆ ಬೆನ್ನು ಹಾಕಿ ಬಾಗಿಲನ್ನೇ ನೋಡುತ್ತಾ ಕೂತೆ. ಆಕೆ ಬಗ್ಗಿ ಹೊಸ್ತಿಲು ಮುಟ್ಟಿ ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. ಸೀರೆಯ ನಿರಿಗೆ ಎತ್ತಿ ಹೊಸ್ತಿಲು ದಾಟಿ ಬಲಗಾಲನ್ನು ಒಳಗಿಟ್ಟರು, ಎಡಗಾಲನ್ನು ತಂದು ಪಕ್ಕಕ್ಕೆ ಕೂಡಿಸಿದರು. ಅಲ್ಲೇ ನಿಂತು ಎರಡೂ ಕೈ ಜೋಡಿಸಿ, ಖಾಲಿ ಸಭಾಂಗಣಕ್ಕೆ, "ಶರಣ್ರೀ ಎಲ್ಲಾರಿಗೂ" ಎಂದರು.

ಬೆನ್ನ ಹಿಂದೆ ಟಿ.ವಿ. ಸೋ ಎಂದಿತು.

"ನೋಡಿದ್ರಿಲ್ಲೋ! ನಾ ಹೇಳಿದ್ದಿಲ್ಲೇನು!" ಎಂದು ಚಪ್ರಾಸಿ ಕುಣಿದ. ಆಕೆ ಹಿಂದಕ್ಕೆ ಕಾಲು ತೆಗೆಯಲು ಹೊರಟರು.

"ಹಂದಬ್ಯಾಡ್ರಿ! ಅಮ್ಮಾ, ನಿಮ್ಮ ದಮ್ಮಯ್ಯ, ಕಾಲು ಎತ್ತಬ್ಯಾಡ್ರಿ!"

ನಾನು ಹಾಗೆ ಕೂಗಿದ್ದು ಹಿತ್ತಲಿನ ಡಿಶ್‌ಗೂ ಕೇಳಿರಬೇಕು. ಕೇಬಲ್ಲನ್ನು ರಿಸೀವರಿನಿಂದ ಬಿಚ್ಚಿ ಅದರ ನಡುವಿನ ತಂತಿಗೂ ಅದರ ಸುತ್ತ ಹೆಣೆದ ತಂತಿಯ ಜಾಳಿಗೆಗೂ ಮೀಟರ್ ಹಿಡಿದೆ. ಮುಳ್ಳು ಸರ್ರನೆ ಸೊನ್ನೆಗೆ ಬಂತು. ಎರಡೂ ಒಂದಕ್ಕೊಂದು ತಾಗಿದ್ದವು, ಶಾರ್ಟ್!

"ಈಗ ಒಂದು ಹೆಜ್ಜಿ ಮುಂದ ಬರ್ರಿ."

ಬಂದರು. ಮುಳ್ಳು ತನ್ನ ಜಾಗಕ್ಕೆ ವಾಪಸ್ಸು ಹೋಯಿತು.

"ಮತ್ತ ಹಿಂದಕ್ಕ."

ಸೊನ್ನೆ. ಮುಂದಕ್ಕೆ ಬಂದರೆ ಬಿಟ್ಟಿತು. ಮೂರು ಸಲ ಮಾಡಿಸಿದೆ. ಮೂರನೆಯ ಸಲಕ್ಕೆ ಆಕೆಯೇ ಮೀಟರಿನ ಮುಳ್ಳು ನೋಡಿ ನಗತೊಡಗಿದರು. ನಾನಂತೂ ಮದುವೆ ಮನೆಯವನ ಹಾಗೆ ಹಾರಾಡಿದೆ.

ಜಮಖಾನ ಎತ್ತಿದೆವು. ಎರಡು ಶಹಾಬಾದಿ ಕಲ್ಲು ಕೂಡುವಲ್ಲಿ ಒಂದರ ಅಂಚು ತುಸು ಮೇಲೆದ್ದಿತ್ತು. ಅದರ ಮೇಲೆಯೇ ನನ್ನ ಕೇಬಲ್ ಹಾದಿತ್ತು. ಮೇಲ್ಚರ್ಮ ಸೀಳಿರಲಿಲ್ಲ, ಒಳಗೆ ಮಾತ್ರ ನುರಿದಿತ್ತು. ಬರಿಗಾಲಿನ ಭಾರ ಬಿದ್ದಾಗ ಮಾತ್ರ ಒಳತಂತಿಗೆ ಜಾಳಿಗೆ ತಾಗುತ್ತಿತ್ತು. ಡಿಶ್‌ನ ಡಬ್ಬಿಗೆ ಬೇಕಾದ ಕರೆಂಟು ಇದೇ ಕೇಬಲ್ಲಿನಲ್ಲಿ ಮೇಲೆ ಹೋಗುತ್ತದೆ. ಶಾರ್ಟ್ ಆದೊಡನೆ ರಿಸೀವರ್ ಆ ಕರೆಂಟನ್ನು ಕಡಿದುಬಿಡುತ್ತದೆ, ಸ್ವಿಚ್ ಆರಿಸಿ ಹಾಕುವವರೆಗೆ ಮತ್ತೆ ಕೊಡುವುದಿಲ್ಲ. ಅಷ್ಟರಲ್ಲಿ ಆಕೆ ಹೋಗಿ ಕೂತಿರುತ್ತಿದ್ದರು, ನನ್ನ ಮೀಟರಿಗೆ ಏನೂ ಸಿಗುತ್ತಿರಲಿಲ್ಲ.

ಚಪ್ರಾಸಿಗೆ ಒಳಗೆ ಬಾ ಎಂದೆ. ಅವನು ಎಂದಿನಂತೆ ಹೊಸ್ತಿಲ ಮೇಲೆ ಕಾಲಿಟ್ಟು ಬಂದ. ಮುಂದಿನ ಹೆಜ್ಜೆ ಕೇಬಲ್ಲಿನ ಆಚೆಗೆ ಬಿತ್ತು. ಕಚೇರಿಯ ಗಂಡಸರೆಲ್ಲ ಹಾಗೇ. ಮನೆಯಲ್ಲಿ ಹೊಸ್ತಿಲು ತುಳಿದರೆ ಬೈಸಿಕೊಳ್ಳುವವರು, ಕಚೇರಿಯಲ್ಲಿ ಅದನ್ನು ಮೆಟ್ಟಿಲು ಮಾಡಿಕೊಂಡಿದ್ದರು. ಹೆಣ್ಣುಮಕ್ಕಳೆಲ್ಲ ದಾಟಿಯೇ ಬರುತ್ತಿದ್ದರು, ಆದರೆ ಚಿತ್ರ ಚಾಲೂ ಆಗುವ ಮೊದಲೇ ಬಂದು ಕೂತಿರುತ್ತಿದ್ದರು. ಬಸ್ಸು ತಡವಾಗಿ ಈಕೆ ಒಬ್ಬರೇ ಸಿಕ್ಕಿಬಿದ್ದಿದ್ದರು. ಹೊಸ್ತಿಲಿನ ಮೇಲಿನ ಭಕ್ತಿಯಿಂದ ನಾನು ಮೊಳೆ ಹೊಡೆಯಲಿಲ್ಲ, ಅದೇ ಭಕ್ತಿಯಿಂದ ಈಕೆ ತುಳಿಯಲಿಲ್ಲ. ತಪ್ಪು ನನ್ನದು, ಕೆಟ್ಟ ಹೆಸರು ಆಕೆಯದಾಯಿತು.

ಮರುದಿನ ಬೆಳಿಗ್ಗೆ ಏಳಕ್ಕೇ ಹೋದೆ. ಆಕೆಯೂ ಮೊದಲ ಬಸ್ಸಿಗೇ ಬಂದುಬಿಟ್ಟಿದ್ದರು. ನುರಿದ ತುಂಡು ಕತ್ತರಿಸಿ, ತುದಿಗೆ ಹೊಸ ಕನೆಕ್ಟರ್ ಹಾಕಿದೆ. ಕೇಬಲ್ ಇನ್ನಷ್ಟು ಗಿಡ್ಡವಾಯಿತು. ಟಿ.ವಿ.ಯನ್ನು ಸಾಹೇಬರ ವೇದಿಕೆಯ ಹತ್ತಿರದಿಂದ ಕಿತ್ತು ಬಾಗಿಲ ಬಲಕ್ಕೆ, ಹೆಣ್ಣುಮಕ್ಕಳು ಕೂರುವ ಕಡೆಗೆ ತರಬೇಕಾಯಿತು. ಇನ್ನು ಉಳಿದದ್ದು ಹೊಸ್ತಿಲಿನ ಒಳಮೈ. ಅಲ್ಲಿ ಯಾರ ಕಾಲೂ ಬೀಳುವುದಿಲ್ಲ. ಸುತ್ತಿಗೆ ಹಿಡಿದೆ. ಮತ್ತೆ ಅದೇ ಕೈ, ಅದೇ ಅಳುಕು.

"ಹೊಸ್ತಿಲಿಗೆ ಮೊಳಿ? ತೋಬಾ ತೋಬಾ, ನಾ ನೋಡಾಂವಲ್ಲ" ಎಂದು ಚಪ್ರಾಸಿ ಮುಖ ತಿರುಗಿಸಿದ.

"ತಡಿ ತಮ್ಮಾ" ಎಂದರು ಆಕೆ. ಬಂದು ಕೂತು, ಹೊಸ್ತಿಲಿನ ಮೇಲೆ ಅಂಗೈ ಇಟ್ಟು, ಬಾಯಲ್ಲೇ ಏನೋ ಹೇಳಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು. "ಕೇಳೀನಿ. ಈಗ ಹೊಡಿ."

ಹೊಡೆದೆ. ಒಂದು ಗೇಣಿಗೊಂದು ಮೊಳೆ.

ಸಾಹೇಬರಿಗೆ ಎಲ್ಲ ವಿವರಿಸಿದೆ. ಅವರು ತಲೆಯಾಡಿಸಿ, "ಆತಲ್ಲ, ರಿಪೇರಿ ಆತು ಅಂತ ಬರೀತೀನಿ. ಆಕಿ ಇವತ್ತೊಂದಿನ ಹೊರಗಾ ಇರ್ಲಿ, ಕೊನೀ ದಿನ ಯಾಕ ಬೇಕು ತಕರಾರು" ಎಂದರು. ಮೈದುನ ಆಗಲೇ ಬಂದು ಕುರ್ಚಿಯಲ್ಲಿ ಕೂತಿದ್ದ.

ಸುಮ್ಮನಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು. ಆದರೆ ಮೈಯೆಲ್ಲ ಉರಿಯುತ್ತಿತ್ತು. ಪಾಠ ಶುರುವಾಗಿ ಚಿತ್ರ ಬಂದ ಮೇಲೆ ಎದ್ದು ನಿಂತೆ.

"ಎಲ್ಲಾರೂ ಕೇಳ್ರಿ. ಮೂರು ದಿನ ಚಿತ್ರ ಹೋಗಿದ್ದು ನನ್ನಿಂದ. ಕೇಬಲ್ಲು ತಪ್ಪು ಜಾಗಾದಾಗ ಹಾಸಿದಾಂವ ನಾನು. ಆ ಅಮ್ಮಾರ ಮ್ಯಾಲ ಬಂದ ಮಾತು ನನ್ನ ಮ್ಯಾಲ ಬರಬೇಕಿತ್ತು. ಈಗ ಚಿತ್ರ ಓಡಾಕತ್ತೈತಿ. ಅವರು ದಿನಾ ಬಂದಂಗಾ ಬರ್ತಾರ. ಚಿತ್ರ ಹೋದ್ರ ನಾ ಈ ಡಿಶ್ಶು ಹೊತ್ಕೊಂಡು ಊರಿಗೆ ಹೋಗ್ತೀನಿ."

ಸಾಹೇಬರು ಬೇಡವೆನ್ನುವಷ್ಟರಲ್ಲಿ ಆಕೆ ಬಾಗಿಲಲ್ಲಿದ್ದರು. ಹೊಸ್ತಿಲು ಮುಟ್ಟಿದರು. ಬಲಗಾಲು ಒಳಗಿಟ್ಟರು, ಎಡಗಾಲು ಕೂಡಿಸಿದರು. ಸಭೆಯಲ್ಲಿ ಒಬ್ಬರೂ ಆಕೆಯ ಕಡೆ ನೋಡಲಿಲ್ಲ, ಎಲ್ಲರ ಕಣ್ಣೂ ಟಿ.ವಿ.ಯ ಮೇಲೆ. ಆಕೆ ಕೈ ಜೋಡಿಸಿ "ಶರಣ್ರೀ ಎಲ್ಲಾರಿಗೂ" ಎಂದು, ದಿನಕ್ಕಿಂತ ತುಸು ಹೆಚ್ಚು ಹೊತ್ತೇ ಅಲ್ಲಿ ನಿಂತರು. ತೆರೆಯ ಮೇಲೆ ಬೆಂಗಳೂರಿನ ಅಧಿಕಾರಿ ತನ್ನ ಪಾಡಿಗೆ ಗ್ರಾಮಸಭೆಯ ಪಾಠ ಹೇಳುತ್ತಲೇ ಇದ್ದರು.

ಆಕೆ ನಡೆದು ಮೈದುನನ ಮುಂದೆ ನಿಂತರು.

"ಏಳಪಾ. ಅದು ನನ್ನ ಕುರ್ಚಿ."

ಆತ ಎದ್ದ. ಏಳದೆ ವಿಧಿಯಿರಲಿಲ್ಲ, ಹೆಣ್ಣುಮಕ್ಕಳ ಸಾಲಿನಲ್ಲಿ ಒಬ್ಬಾಕೆ ಕಿಸಕ್ಕನೆ ನಕ್ಕುಬಿಟ್ಟಿದ್ದಳು.

ಮಧ್ಯಾಹ್ನ ಪ್ರಶ್ನೆ ಕೇಳಲು ಸಿಂಧನೂರಿನ ಸರದಿ ಬಂತು. ಆಕೆ ಫೋನನ್ನು ಎರಡೂ ಕೈಯಲ್ಲಿ ಹಿಡಿದು, ಪಡಸಾಲೆಯಲ್ಲಿ ನನಗೆ ಹೇಳಿದ್ದನ್ನೇ ಹೇಳಿ, "ಅದು ಎಲ್ಲಿರಬೇಕ್ರಿ? ಬರಿಯೂವಾಗ ನಾ ಇರಬೇಕೋ ಬ್ಯಾಡೋ?" ಎಂದು ಕೇಳಿದರು. ಮಾತು ಮೇಲೆ ಹೋಗಿ ಕೆಳಗೆ ಬರಲು ಒಂದು ಕ್ಷಣ ಹಿಡಿಯಿತು. ತೆರೆಯ ಮೇಲಿನ ಅಧಿಕಾರಿ ಕನ್ನಡಕ ತೆಗೆದರು. ಪುಸ್ತಕ ಪಂಚಾಯ್ತಿ ಕಚೇರಿಯಲ್ಲೇ ಇರಬೇಕು, ಯಾರ ಮನೆಯಲ್ಲೂ ಇರಬಾರದು, ಅಧ್ಯಕ್ಷರಿದ್ದಾಗ ಅವರ ಮುಂದೆ ಸಭೆ ನಡೆಯಬೇಕು, ಸಭೆಯಲ್ಲಿ ಆದದ್ದನ್ನೇ ಬರೆಯಬೇಕು ಎಂದರು. ನಮ್ಮ ತಾಲ್ಲೂಕಿನ ಸಾಹೇಬರೂ ಕೇಳುತ್ತಿದ್ದಾರಲ್ಲ, ಇದನ್ನು ನೋಡಿಕೊಳ್ಳಲಿ ಎಂದೂ ಸೇರಿಸಿದರು. ಸಾಹೇಬರು ಟಿ.ವಿ.ಗೇ ತಲೆಯಾಡಿಸಿದರು.

ಸಂಜೆ ಸಾಮಾನು ಕಟ್ಟುತ್ತಿದ್ದೆ. ಆಕೆ ಬಂದು ಮುಂದೆ ಕೂತರು.

"ತಮ್ಮಾ, ನಿನ್ ಹತ್ರನೂ ಒಂದು ಪುಸ್ತಕ ಐತಂತಲ್ಲ. ಅದರಾಗ ನನ್ ಸುದ್ದಿ ಬರದೀಯಂತ, ಚಪ್ರಾಸಿ ಹೇಳಿದ. ನಾ ಇಲ್ದಾಗ ಏನ್ ಬರದಿ? ಓದು."

ಪುಸ್ತಕ ತೆಗೆದು ಓದಿದೆ. "ಮೂರನೇ ದಿನ. ಹನ್ನೊಂದೂ ಹತ್ತು. ಅಧ್ಯಕ್ಷೆ ಒಳಗೆ ಬಂದಾಗ ಚಿತ್ರ ಹೋಯಿತು. ನಾಲ್ಕನೇ ದಿನ. ಅಧ್ಯಕ್ಷೆ ಹೊರಗಿದ್ದರು, ಚಿತ್ರ ಹೋಗಲಿಲ್ಲ." ಅಲ್ಲಿಗೆ ನಿಂತಿತ್ತು ಬರಹ. ಹೊಡೆದು ಹಾಕಲು ಪೆನ್ನು ತೆಗೆದೆ.

"ಹೊಡಿಬ್ಯಾಡ. ಆಗಿದ್ದು ಆಗೈತಿ. ಮುಂದಿಂದು ಬರಿ."

ಬರೆದೆ. ಹೊಸ್ತಿಲಿಗೆ ಮೊಳೆ ಹೊಡೆಯಲು ಅಂಜಿ ಜಮಖಾನದಡಿ ಕೇಬಲ್ ಹಾಸಿದವನು ನಾನು, ದೋಷ ನನ್ನದು ಎಂದು ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಆಕೆ ಕೊನೆಯವರೆಗೆ ಕೇಳಿಸಿಕೊಂಡರು.

"ಸಹಿ ಮಾಡು."

ಮಾಡಿದೆ. ಆಕೆ ಪೆನ್ನು ಇಸಿದುಕೊಂಡು, ಪುಸ್ತಕವನ್ನು ತಮ್ಮ ಕಡೆ ತಿರುಗಿಸಿ, ನನ್ನ ಸಹಿಯ ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ತಮ್ಮ ಹೆಸರು ಬರೆದರು. ಬರೆದು, ಮುಂದೆ "ಅಧ್ಯಕ್ಷರು" ಎಂದು ನನ್ನ ಕೈಯಲ್ಲಿ ಬರೆಸಿದರು.